ಎರಡನೆಯ ಜಾಲಮುಖ ಪುನರುಕ್ತಿಯಲ್ಲ

ಫಾಬ್ರಿಸ್ ಬೆಲ್ಲಾರ್ 2003ರಲ್ಲಿ ಹೊರತಂದ ಕ್ಯೂಎಮು ತಂತ್ರಾಂಶದಲ್ಲಿ ಎಂಬೆಡೆಡ್ ಯಂತ್ರವನ್ನು ಅನುಕರಿಸಿ ಪರೀಕ್ಷಿಸುವವರಿಗೆ ಒಂದೇ ನೆಟ್‌ವರ್ಕ್ ಕಾರ್ಡು ಸಾಕು, ಎರಡನೆಯದು ಮೊದಲನೆಯದರ ಪುನರುಕ್ತಿಮಾತ್ರ ಎಂದು ಕಳೆದ ಸಂಚಿಕೆಯಲ್ಲಿ ಪ್ರತಿಪಾದಿಸಿದ ಲೇಖಕರ ಮತವನ್ನು, ವಾಡಿ-ಸೇಡಂಗಳ ಸಿಮೆಂಟ್ ಕಾರ್ಖಾನೆಗಳ ನೆರೆಯ ರಾವೂರದವರಾದ ನಾವು ಒಪ್ಪಲಾರೆವು. ಕಿಲ್ನ್‌ನ ಉಷ್ಣತೆಯನ್ನು ಕಾಯುವ ನಿಯಂತ್ರಣಜಾಲವನ್ನು ಕಚೇರಿಯ ಜಾಲದಿಂದ ಪ್ರತ್ಯೇಕಿಸಿಡುವುದು ಇಂತಹ ಉದ್ಯಮಗಳ ಸುರಕ್ಷತೆಯ ಮೂಲಸೂತ್ರ. ಆ ಎರಡರ ಸಂಧಿಯಲ್ಲಿ ನಿಲ್ಲುವ ಯಂತ್ರಕ್ಕೆ ಎರಡು ಜಾಲಮುಖಗಳು ಇರಲೇಬೇಕು. ಇದು ಪುನರುಕ್ತಿಯೆ? ಅಂತಹ ಯಂತ್ರವನ್ನು ಅನುಕರಿಸುವಾಗ ಕ್ಯೂಎಮುವಿನ ಯೂಸರ್ ಜಾಲವಿಧಾನದಲ್ಲಿ ಎರಡು ಕಾರ್ಡುಗಳನ್ನು ಸುಮ್ಮನೆ ಜೋಡಿಸಿ ಡಿಎಚ್‌ಸಿಪಿಗೆ ಒಪ್ಪಿಸಿದರೆ ಎರಡಕ್ಕೂ 10.0.2.15 ಎಂಬ ಒಂದೇ ವಿಳಾಸ ಪ್ರಾಪ್ತವಾಗಿ, ಡೀಫಾಲ್ಟ್ ಮಾರ್ಗಗಳೂ ಎರಡಾಗಿ, ಯಾವ ಸಂದೇಶ ಯಾವ ಮುಖದಿಂದ ಹೊರಟಿತೆಂಬುದೇ ಅನಿಶ್ಚಿತವಾಗುವುದು. ಪ್ರತಿಯೊಂದಕ್ಕೂ ಬೇರೆ ಉಪಜಾಲವನ್ನು ವಿಧಿಸಿ, ಡೀಫಾಲ್ಟ್ ಮಾರ್ಗವನ್ನು ಒಂದಕ್ಕೇ ಉಳಿಸಬೇಕು. ಒಂಟಿ ಕಾರ್ಡಿನ ಪರೀಕ್ಷೆಯಲ್ಲಿ ಈ ದೋಷ ಎಂದಿಗೂ ಗೋಚರಿಸದು. ನಮ್ಮ ಭಾಗದ ವಿದ್ಯಾರ್ಥಿಗಳು ಒಂದೇ ಕಾರ್ಡು ಸಾಕೆಂಬ ಆ ಸಲಹೆಯನ್ನು ಅನುಸರಿಸದಿರಲೆಂದು ಪ್ರಾರ್ಥಿಸುತ್ತೇವೆ.