ಹೆಸರು ಬದಲಿಸಿದರೆ ಹೊಣೆ ತಪ್ಪೀತೆ?

ಕಾರವಾರದ ಕಣ್ಣೆದುರಿನ ಅಂಜುದೀವ್ ದ್ವೀಪವೂ ಸೇರಿದ ಗೋವೆಯನ್ನು ಪೋರ್ಚುಗಲ್ 1951ರಲ್ಲಿ ತನ್ನ ಸಂವಿಧಾನವನ್ನು ತಿದ್ದಿ ‘ಸಾಗರೋತ್ತರ ಪ್ರಾಂತ’ವೆಂದು ಕರೆಯಿತು. 1955ರಲ್ಲಿ ಅದು ವಿಶ್ವಸಂಸ್ಥೆಯ ಸದಸ್ಯನಾಯಿತು. ಅಧೀನ ಪ್ರದೇಶಗಳಿವೆಯೇ ಎಂಬ ಪ್ರಶ್ನೆಗೆ, ಇಲ್ಲವೇ ಇಲ್ಲವೆಂದು 1956ರಲ್ಲಿ ಉತ್ತರಿಸಿತು. 1960ರ ಡಿಸೆಂಬರಿನಲ್ಲಿ ಮಹಾಸಭೆ ಆ ಉತ್ತರವನ್ನು ತಳ್ಳಿಹಾಕಿ, ಗೋವೆಯನ್ನು ಹೆಸರಿಸಿಯೇ ವರದಿ ಕೇಳಿತು. ವರದಿ ಬರಲಿಲ್ಲ, 1961ರ ಡಿಸೆಂಬರಿನಲ್ಲಿ ಭಾರತದ ಸೇನೆಯೇ ಹೋಗಬೇಕಾಯಿತು.

ಕೇಂದ್ರ ಸರಕಾರದ ಕಡತಗಳ ನಡುವೆ ಬಾಳಿದ ನಾನು ಬಲ್ಲೆ: ‘ಶೂನ್ಯ’ವೆಂಬ ವರದಿಯಷ್ಟು ಸುಲಭವಾದುದು ಬೇರೊಂದಿಲ್ಲ. ಅದೇ 1956ರಲ್ಲಿ ನಮ್ಮ ಸಂವಿಧಾನವು 350-ಬಿ ವಿಧಿಯ ಮೂಲಕ ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷಾಧಿಕಾರಿಯೊಬ್ಬರನ್ನು ಕಲ್ಪಿಸಿತು. ಮುಂಬಯಿಯ ಕನ್ನಡ ಶಾಲೆಗಳ ಸ್ಥಿತಿ ಅವರಿಗೆ ತಿಳಿಯಲು ಆಳುವವರ ವರದಿಯೊಂದೇ ಸಾಲದು, ನಾವೂ ಬರೆಯಬೇಕು. ನಾವು ವಸಾಹತಿನ ಪ್ರಜೆಗಳಲ್ಲ, ನಾಗರಿಕರು. ಆದ್ದರಿಂದಲೇ ನಮ್ಮ ಮೌನಕ್ಕೆ ನೆಪವಿಲ್ಲ.