ಎದುರುಗಾಳಿಯೇ ವಾಸಿ

ಬೇಸಿಗೆ ಬಂತೆಂದರೆ ಸೈಕಲ್ ತುಳಿಯುವವರಿಗೆ ಬುದ್ಧಿ ಹೇಳುವವರು ಹೆಚ್ಚುತ್ತಾರೆ. ನೀರು ಕುಡಿಯಿರಿ, ಟೋಪಿ ಹಾಕಿಕೊಳ್ಳಿ, ಹನ್ನೊಂದರ ಮೇಲೆ ಮನೆ ಬಿಟ್ಟು ಹೊರಡಬೇಡಿ. ಮಾತೆಲ್ಲ ಸರಿಯೇ. ಆದರೆ ಮೂರನೆಯದನ್ನು ಪಾಲಿಸುವ ಭಾಗ್ಯ ಇರುವುದು ಭಾನುವಾರದ ಹವ್ಯಾಸಿಗಳಿಗೆ. ಗಿರಣಿಯ ಪಾಳಿ ಮುಗಿಸಿ ಬರುವವನಿಗೆ, ಹಾಲಿನ ಕ್ಯಾನ್ ಕಟ್ಟಿಕೊಂಡು ಹೊರಟವನಿಗೆ, ಶಾಲೆ ಬಿಟ್ಟ ಹುಡುಗಿಗೆ ಹೊತ್ತು ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲ. ಇನ್ನು, ಮೈ ತಣ್ಣಗಿಡುವ ಮುಖ್ಯ ಸಂಗತಿಯಾದ ಗಾಳಿಯ ಸುದ್ದಿಯನ್ನಂತೂ ಈ ಉಪದೇಶಕರು ಎತ್ತುವುದೇ ಇಲ್ಲ. ಅದನ್ನು ಮೈಯಾರೆ ತಿಳಿಯಬೇಕಾದರೆ ಧಾರಾಪುರಂನಲ್ಲಿ ಸೈಕಲ್ ತುಳಿಯಬೇಕು.

ಅಮರಾವತಿ ನದಿಯ ದಂಡೆಯ ಈ ಊರು ಈಗ ತಮಿಳುನಾಡಿನ ತಿರುಪ್ಪೂರು ಜಿಲ್ಲೆಯಲ್ಲಿದೆ. 2009ರಲ್ಲಿ ಆ ಜಿಲ್ಲೆ ಹುಟ್ಟುವವರೆಗೆ ಈರೋಡಿಗೆ ಸೇರಿತ್ತು. 1799ಕ್ಕೆ ಮೊದಲು ಮೈಸೂರಿನ ಆಳ್ವಿಕೆಯಲ್ಲಿತ್ತು. ನಮ್ಮ ಕಡೆಯಿಂದ ಅಲ್ಲಿಗೆ ಹೋಗುವವರಲ್ಲಿ ಬಹಳಷ್ಟು ಮಂದಿ ಕಾಡು ಹನುಮಂತರಾಯನ ಭಕ್ತರು. ಅದು ವ್ಯಾಸರಾಯರು ಪ್ರತಿಷ್ಠಾಪಿಸಿದ ಮೂರ್ತಿ ಎಂದು ಪ್ರತೀತಿ. ದರ್ಶನ ಮುಗಿಸಿ ಹೊರಬಂದವರು ಮೊದಲು ಆಡುವ ಮಾತು ಬಿಸಿಲಿನದು. ಪಶ್ಚಿಮ ಘಟ್ಟದ ಮಳೆನೆರಳಿನ ಸೀಮೆ. ಮುಂಗಾರು ಇಲ್ಲಿಗೆ ಮೋಡ ಕಳಿಸುತ್ತದೆ, ಮಳೆ ಕಳಿಸುವುದಿಲ್ಲ. ಗಾಳಿಯನ್ನು ಮಾತ್ರ ಧಾರಾಳವಾಗಿ ಕಳಿಸುತ್ತದೆ. ಘಟ್ಟದ ಸಾಲು ಪಾಲಕ್ಕಾಡಿನ ಬಳಿ ಸುಮಾರು 30 ಕಿ.ಮೀ. ಅಗಲಕ್ಕೆ ಬಾಯಿ ತೆರೆದಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಕಂಡಿಯಲ್ಲಿ ನುಗ್ಗುವ ಪಡುವಣ ಗಾಳಿಯನ್ನು ನಂಬಿಯೇ ಉಡುಮಲೈಪೇಟೆ, ಪಲ್ಲಡಂ, ಧಾರಾಪುರಂ ಬಯಲಿನಲ್ಲಿ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿವೆ. ಆಡಿ ತಿಂಗಳ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆ ಎಂಬ ಗಾದೆ ತಮಿಳರದು.

ಉಡುಮಲೈಪೇಟೆಯಿಂದ ಧಾರಾಪುರಂ ಕಡೆಗೆ ಬರುವಾಗ ಆ ಗಾಳಿ ಬೆನ್ನಿಗಿರುತ್ತದೆ. ಪೆಡಲಿನ ಮೇಲೆ ಕಾಲಿಟ್ಟರೆ ಸಾಕು, ಸೈಕಲ್ ತಾನೇ ಓಡುತ್ತದೆ. ಸುಖವೋ ಸುಖ ಅನ್ನುವಷ್ಟರಲ್ಲಿ ಮೈ ಕಾಯತೊಡಗುತ್ತದೆ. ಲೆಕ್ಕ ಸರಳ: ನೀವು ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದು ಹಿಂದಿನ ಗಾಳಿಯೂ ಅಷ್ಟೇ ವೇಗದ್ದಾದರೆ, ನಿಮ್ಮ ಮೈಗೆ ತಾಗುವ ಗಾಳಿ ಸೊನ್ನೆ. ಶರ್ಟು ಅಲುಗುವುದಿಲ್ಲ, ಮೂಗಿನ ತುದಿಯಿಂದ ಬೆವರು ಹ್ಯಾಂಡಲ್ ಮೇಲೆ ತೊಟ್ಟಿಕ್ಕುತ್ತದೆ. ತಿರುಗಿ ಉಡುಮಲೈಪೇಟೆಗೆ ಹೊರಡಿ. ತೊಡೆ ಬಿಗಿಯುತ್ತದೆ, ಹತ್ತು ಕಿಲೋಮೀಟರ್ ಇಪ್ಪತ್ತಾಗುತ್ತದೆ, ಆದರೆ ಶರ್ಟಿನ ಬೆನ್ನು ಒಣಗಿ ಉಪ್ಪಿನ ಬಿಳಿ ಗೆರೆ ಮೂಡಿರುತ್ತದೆ. ಆ ಗೆರೆ ಬೆವರು ತನ್ನ ಕೆಲಸ ಮಾಡಿದ್ದಕ್ಕೆ ಸಾಕ್ಷಿ.

ನಾವು ಖರ್ಚು ಮಾಡುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಭಾಗ ಚಕ್ರ ತಿರುಗಿಸುತ್ತದೆ. ಉಳಿದದ್ದೆಲ್ಲ ಶಾಖ, ಅದು ಮೈಯಿಂದ ಹೊರಬೀಳಲೇಬೇಕು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ಹೊತ್ತೊಯ್ಯುತ್ತದೆ. ರಸ್ತೆಗೆ ತೊಟ್ಟಿಕ್ಕಿದ ಹನಿ ಏನನ್ನೂ ಒಯ್ಯುವುದಿಲ್ಲ, ನಿಮ್ಮ ನೀರು ಮತ್ತು ಉಪ್ಪಿನ ಹೊರತು. ಧಾರಾಪುರಂನ ಒಣ ಬಿಸಿಲಿನಲ್ಲಿ ತಾಳಿಕೊಂಡವನು ಅದಕ್ಕಿಂತ ನಾಲ್ಕೈದು ಡಿಗ್ರಿ ಕಡಿಮೆ ಇರುವ ಮಂಗಳೂರು, ಕಾಸರಗೋಡಿನಲ್ಲಿ ಸುಸ್ತಾಗುವುದು ಇದಕ್ಕೇ. ಕರಾವಳಿಯ ಗಾಳಿ ಮೊದಲೇ ತೇವ ಕುಡಿದು ಕುಳಿತಿರುತ್ತದೆ. ಹವೆ 35 ಡಿಗ್ರಿ ದಾಟಿದರೆ ಬೀಸುವ ಗಾಳಿಯೇ ಮೈಗೆ ಒಂದಿಷ್ಟು ಬಿಸಿ ಕೊಡುತ್ತದೆ ಎಂಬುದೂ ನಿಜ. ಆದರೆ ಬೆವರು ಚೆನ್ನಾಗಿ ಆರುತ್ತಿರುವ ತನಕ ಲಾಭ ನಮ್ಮದೇ.

ಬಟ್ಟೆಯ ವಿಚಾರದಲ್ಲಿ ನನಗೆ ಫ್ಯಾಷನ್ನಿನ ಮೇಲೆ ತುಸು ಸಿಟ್ಟಿದೆ. ಸೈಕಲ್ ಅಂಗಡಿಗೆ ಹೋದರೆ ಮೈಗೆ ಅಂಟುವ ಪಾಲಿಯೆಸ್ಟರ್ ಜೆರ್ಸಿಯನ್ನೇ ಮುಂದೆ ಹಿಡಿಯುತ್ತಾರೆ. ಬೆವರು ಬೇಗ ಆರದ ಊರಿನಲ್ಲಿ, ಜೋರಾಗಿ ತುಳಿಯುವವರಿಗೆ ಅದು ಸರಿ. ಒಣ ಸೀಮೆಯಲ್ಲಿ ನಿಧಾನವಾಗಿ ಹೋಗುವವನಿಗೆ ತಿರುಪ್ಪೂರಿನ ಹತ್ತಿ ಬನಿಯನ್, ಮೇಲೊಂದು ಸಡಿಲ ತೋಳಿನ ತಿಳಿಬಣ್ಣದ ಶರ್ಟು ಧಾರಾಳ ಸಾಕು. ಕೊಯಮತ್ತೂರು, ತಿರುಪ್ಪೂರು ಸೀಮೆಯಲ್ಲಿ ಮನೆಮಾತು ಕನ್ನಡವಾದ ದೇವಾಂಗ ನೇಕಾರರು ತಲೆಮಾರುಗಳಿಂದ ಇದ್ದಾರೆ; ಮಗ್ಗದ ಹತ್ತಿ ಟವೆಲ್ಲನ್ನು ನೀರಲ್ಲಿ ಅದ್ದಿ ಹಿಂಡಿ ಕುತ್ತಿಗೆಗೆ ಸುತ್ತಿಕೊಂಡರೆ ಮುಂದಿನ ಅರವಟ್ಟಿಗೆಯವರೆಗೆ ಚಿಂತೆಯಿಲ್ಲ. ಸೈಕಲ್ಲಿನ ಪ್ಲಾಸ್ಟಿಕ್ ಬಾಟಲಿಯ ನೀರು ಮಧ್ಯಾಹ್ನದ ಹೊತ್ತಿಗೆ ಚಹಾ ಮಾಡುವಷ್ಟು ಕಾದಿರುತ್ತದಲ್ಲ, ಅದಕ್ಕೊಂದು ಹಳೆಯ ಹತ್ತಿ ಕಾಲುಚೀಲ ತೊಡಿಸಿ ಒದ್ದೆ ಮಾಡಿ. ಮಣ್ಣಿನ ಹೂಜಿಯ ತಂತ್ರವೇ ಇದು, ಬೀಸುವ ಗಾಳಿಗೆ ಇನ್ನೂ ಚುರುಕಾಗಿ ನಡೆಯುತ್ತದೆ. ಸಿಪಾಯಿಗಳ ಹಳೆಯ ನೀರಿನ ಬಾಟಲಿಗೆ ದಪ್ಪ ಬಟ್ಟೆಯ ಕವಚ ಇರುತ್ತಿದ್ದದ್ದು ಅಂದಕ್ಕಲ್ಲ.

ಕುಡಿಯುವುದರಲ್ಲಿ ಈ ಸೀಮೆಯವರಿಗೆ ಯಾರೂ ಪಾಠ ಹೇಳಬೇಕಿಲ್ಲ. ತಳ್ಳುಗಾಡಿಯ ಸಜ್ಜೆ ಅಂಬಲಿ, ಜತೆಗೆ ಸಣ್ಣೀರುಳ್ಳಿ, ಮಜ್ಜಿಗೆ ಮೆಣಸಿನಕಾಯಿ; ಪೊಳ್ಳಾಚಿಯ ಎಳನೀರು; ತಾಟಿನುಂಗು. ಬೇಸಿಗೆಯಲ್ಲಿ ಪಕ್ಷಗಳವರು ಪೈಪೋಟಿಗೆ ಬಿದ್ದು ನೀರುಮಜ್ಜಿಗೆಯ ಚಪ್ಪರ ಹಾಕುತ್ತಾರೆ. ರಾಜಕಾರಣದಿಂದ ಜನಕ್ಕೆ ನೇರವಾಗಿ ಸಿಗುವ ತಂಪು ಬಹುಶಃ ಅದೊಂದೇ. ಗಂಟೆಗಟ್ಟಲೆ ಬೆವರಿದವನು ಬರೀ ನೀರನ್ನೇ ಸುರಿದುಕೊಂಡರೆ ರಕ್ತದ ಉಪ್ಪು ತೆಳುವಾಗುತ್ತದೆ. ಉಪ್ಪು ಹಾಕಿದ ಮಜ್ಜಿಗೆ, ಇಲ್ಲವೇ ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಸಾಕು. ತಲೆ ಸುತ್ತಿ ಮಾತು ತಡವರಿಸಿದರೆ ಮಾತ್ರ ಪಾನಕ ಹುಡುಕುತ್ತ ಕೂರಬಾರದು. ನೆರಳಿಗೆ ಎಳೆದು, ಮೈಗೆಲ್ಲ ನೀರು ಸುರಿದು, ಬೀಸುತ್ತ 108ಕ್ಕೆ ಫೋನ್ ಮಾಡಬೇಕು. ಬಿಸಿಲಿನ ಆಘಾತ ಬೆವರುತ್ತಿರುವವನಿಗೂ ಬಡಿಯುತ್ತದೆ.

ಹೊತ್ತಿನ ಮಾತಿಗೆ ಬರೋಣ. ಮೇ ಮೊದಲ ವಾರ ಶುರುವಾಗಿ ತಿಂಗಳ ಕೊನೆಯವರೆಗೆ ತಮಿಳುನಾಡಿನಲ್ಲಿ ಅಗ್ನಿ ನಕ್ಷತ್ರವೆಂಬ ಕಡುಬಿಸಿಲಿನ ಕಾಲ. ನಮ್ಮ ರೈತರು ಭರಣಿ, ಕೃತ್ತಿಕಾ ಮಳೆಗೆ ಮುಗಿಲು ನೋಡುವ ದಿನಗಳೂ ಅವೇ. ಕಲಬುರಗಿ ವಿಭಾಗದಲ್ಲಿ, ವಿಜಯಪುರ, ಬಾಗಲಕೋಟೆಗಳಲ್ಲಿ ಬೇಸಿಗೆಗೆ ಸರ್ಕಾರಿ ಕಚೇರಿಯ ಸಮಯವನ್ನು ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಗೆ ಬದಲಿಸುವ ಪದ್ಧತಿ ಇದೆ. ಫ್ಯಾನಿನ ಕೆಳಗಿನವರಿಗೆ ಸಿಕ್ಕ ಈ ಕನಿಕರ ರಸ್ತೆಯ ಮೇಲಿನವರಿಗೂ ಸಿಗಬೇಡವೇ? ತಮಿಳುನಾಡು ಸರ್ಕಾರ 11ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುತ್ತದೆ. ಕರ್ನಾಟಕವೂ 2006-07ರಿಂದ 8ನೇ ತರಗತಿಯವರಿಗೆ ಕೊಡುತ್ತಿತ್ತು. ಕೋವಿಡ್ ಹೊತ್ತಿಗೆ ಅದು ನಿಂತಿತು. ಸೈಕಲ್ ಕೊಟ್ಟ ಸರ್ಕಾರಗಳು ಅದನ್ನು ತುಳಿಯುವ ದಾರಿಯ ನೆರಳನ್ನು ಅಗಲೀಕರಣದ ಹೆಸರಿನಲ್ಲಿ ಕಡಿದು ಹಾಕಿದವು. ಹಳೆಯ ಹುಣಸೆಮರಗಳು ಹೋದ ಜಾಗದಲ್ಲಿ ಈಗ ರಸ್ತೆ ನಡುವಿನ ಡಿವೈಡರಿನಲ್ಲಿ ಕಣಗಿಲೆ. ಅದರ ನೆರಳು ಯಾವ ಸವಾರನ ತಲೆಗೂ ಬೀಳುವುದಿಲ್ಲ.

ಕಾಂಗೇಯಂನಿಂದ ಧಾರಾಪುರಂ ಮೂಲಕ ಪಳನಿಗೆ ಹೋಗುವ ದಾರಿ ಹೆಚ್ಚುಕಡಿಮೆ ಉತ್ತರ-ದಕ್ಷಿಣ. ಇಂಥ ರಸ್ತೆಯ ಪಡುವಣ ಅಂಚಿನಲ್ಲಿ ಹತ್ತು ಮೀಟರ್ ಎತ್ತರದ ಬೇವಿನದೋ ಹೊಂಗೆಯದೋ ಸಾಲು ಇದ್ದರೆ, ಸಂಜೆ ನಾಲ್ಕಕ್ಕೆ ಅದರ ನೆರಳು ರಸ್ತೆಯ ಅಡ್ಡಗಲಕ್ಕೂ ಚಾಚುತ್ತದೆ. ಶಾಲೆ ಬಿಡುವ ಹೊತ್ತೂ ಅದೇ. ಎರಡೂ ಬದಿ ನೆಡಲು ಹಣವಿಲ್ಲ ಎನ್ನುವುದಾದರೆ ಮೊದಲು ಪಡುವಣ ಬದಿಗೆ ನೆಡಲಿ. ಮಳೆನೆರಳಿನ ಸೀಮೆಯಲ್ಲಿ ಸಸಿ ತಾನಾಗಿ ಬದುಕುವುದಿಲ್ಲ, ಕನಿಷ್ಠ ಎರಡು ಬೇಸಿಗೆ ಟ್ಯಾಂಕರ್ ನೀರು ಬೇಕು. ಆ ಷರತ್ತನ್ನು ರಸ್ತೆಯ ಟೆಂಡರಿನಲ್ಲೇ ಬರೆದು, ಮೂರನೆಯ ವರ್ಷ ಬದುಕಿರುವ ಗಿಡ ಎಣಿಸಿದ ಮೇಲೆ ಕಂತ್ರಾಟುದಾರನ ಕೊನೆಯ ಬಿಲ್ ಪಾಸು ಮಾಡಬೇಕು.