ಉಪಯೋಗವೇನು ಅಂತ ಕೇಳುವವರಿಗೆ

ಮೊನ್ನೆ ಡೊಂಬಿವಲಿಯ ಗೆಳೆಯರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಅವರ ಮಗಳು ಅತಿವೇಗದ ಲೇಸರ್‌ನಿಂದ ಅಣುಗಳ ಚಲನೆ ನೋಡುವ ವಿಷಯದಲ್ಲಿ ಪಿಎಚ್‌ಡಿಗೆ ಸೇರಿದ್ದಾಳೆ. ಪ್ರಸಾದ ತಿನ್ನುತ್ತಿದ್ದ ಹಿರಿಯರೊಬ್ಬರು ಕೇಳಿಯೇಬಿಟ್ಟರು: "ಅದರಿಂದ ಏನಮ್ಮಾ ಉಪಯೋಗ? ಸಾಫ್ಟ್‌ವೇರಿಗೆ ಹೋಗಿದ್ದರೆ ಇಷ್ಟು ಹೊತ್ತಿಗೆ ಫ್ಲ್ಯಾಟ್ ಬುಕ್ ಮಾಡಬಹುದಿತ್ತು." ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಾಚಿಕೆಯಾಯಿತು. ಅದಕ್ಕೇ ಈ ಬರಹ.

ನಾನು ಬರೀ ಬಿಕಾಂ. ಆದರೆ ಸೊನ್ನೆ ಎಣಿಸೋದು ನನ್ನ ಕಸುಬು. ಒಂದರ ಮುಂದೆ 15 ಸೊನ್ನೆ ಹಾಕಿ, ಒಂದು ಸೆಕೆಂಡನ್ನು ಅಷ್ಟು ಭಾಗ ಮಾಡಿ. ಅದರಲ್ಲೊಂದು ಚೂರು ಫೆಮ್ಟೊಸೆಕೆಂಡ್. ಅಣುಗಳು ಕಂಪಿಸೋದು, ಬಂಧ ಕಡಿದುಕೊಳ್ಳೋದು ಈ ಲೆಕ್ಕದಲ್ಲಿ. ಮೊದಲ ಲೇಸರ್ ಮಿಡಿತ ಅಣುವನ್ನು ತಟ್ಟಿ ಎಬ್ಬಿಸುತ್ತದೆ. ತುಸು ತಡವಾಗಿ ಬರುವ ಎರಡನೆಯದು ಅದರ ಸ್ಥಿತಿ ನೋಡುತ್ತದೆ. ತಡವನ್ನು ಹೆಚ್ಚಿಸುತ್ತಾ ಹೋದರೆ ಸಿನಿಮಾ ರೀಲಿನಂತೆ ಇಡೀ ಕ್ರಿಯೆ ಸಿಗುತ್ತದೆ. ಹೀಗೆ ರಾಸಾಯನಿಕ ಕ್ರಿಯೆಯನ್ನು ನಡೆಯುವಾಗಲೇ ಹಿಡಿದ ಅಹ್ಮದ್ ಝೆವೈಲ್‌ಗೆ 1999ರಲ್ಲಿ ನೊಬೆಲ್ ಬಂತು.

ನೀವು ಇದನ್ನು ಓದುವಾಗ ನಿಮ್ಮ ಕಣ್ಣಿನ ರೆಟಿನಾಲ್ ಅಣು ಬೆಳಕು ತಾಗಿದೊಡನೆ, ಸುಮಾರು 200 ಫೆಮ್ಟೊಸೆಕೆಂಡಿನಲ್ಲಿ ತಿರುಚಿಕೊಳ್ಳುತ್ತದೆ. ನೋಟ ಶುರುವಾಗೋದೇ ಅಲ್ಲಿಂದ! ಇದನ್ನು ತಿಳಿಯೋದು ದಂಡವೇ?

ಇಲ್ಲ, ಉಪಯೋಗವೇ ಬೇಕು ಅಂತೀರಾ? ತಗೊಳ್ಳಿ. 1985ರಲ್ಲಿ ಅಮೆರಿಕದ ರಾಚೆಸ್ಟರ್‌ನಲ್ಲಿ ಜೆರಾರ್ ಮುರೂ ಮತ್ತು ಅವರ ವಿದ್ಯಾರ್ಥಿನಿ ಡೊನಾ ಸ್ಟ್ರಿಕ್‌ಲ್ಯಾಂಡ್ ಲೇಸರ್ ಮಿಡಿತವನ್ನು ಮೊದಲು ಹಿಗ್ಗಿಸಿ, ಆಮೇಲೆ ಬಲಪಡಿಸಿ, ಮತ್ತೆ ಕುಗ್ಗಿಸಿದರು. ಉಪಕರಣ ಹಾಳಾಗದೆ ಪ್ರಬಲ ಮಿಡಿತ ಸಿಗಲಿ ಅಂತ. ಯಾರದೋ ಕನ್ನಡಕ ಬಿಡಿಸಲು ಹೊರಟವರಲ್ಲ. ಇವತ್ತು ಬ್ಲೇಡಿಲ್ಲದೆ ಕಾರ್ನಿಯಾ ಕತ್ತರಿಸುವ ಫೆಮ್ಟೊಸೆಕೆಂಡ್ ಲೇಸರ್ ಆ ವಿದ್ಯೆಯ ಫಲ. ಪೂಜೆಯಲ್ಲಿ ಪ್ರಶ್ನೆ ಕೇಳಿದ ಹಿರಿಯರ ಮಗನ ಕನ್ನಡಕ ಹೋದದ್ದೂ ಅದರಿಂದಲೇ. ಸ್ಟ್ರಿಕ್‌ಲ್ಯಾಂಡ್‌ಗೆ ನೊಬೆಲ್ ಬಂದದ್ದು 2018ರಲ್ಲಿ, 33 ವರ್ಷದ ನಂತರ.

ಸ್ವಾಮೀ, ಫ್ಲ್ಯಾಟಿನ ಸಾಲ ತೀರಿಸಲು ನಾವು ಬ್ಯಾಂಕಿನವರೇ 20 ವರ್ಷ ಕೊಡುತ್ತೇವೆ. ಈ ಹುಡುಗಿಗೆ ಅರ್ಜಿ ಹಾಕಿದ ದಿನವೇ ವಸೂಲಿ ನೋಟಿಸು ಕೊಡೋದು ಯಾವ ನ್ಯಾಯ?

ನಾವು ಟ್ರಂಕು ಹೊತ್ತು ವಿ.ಟಿ. ಸ್ಟೇಷನ್‌ನಲ್ಲಿ ಇಳಿದವರು. ನಮಗೆ ಸಂಬಳವೇ ಮುಖ್ಯವಾಗಿತ್ತು, ಒಪ್ಪಿದೆ. ಆದರೆ ನಮ್ಮ ಭಯವನ್ನು ಮಕ್ಕಳ ಖಾತೆಗೆ ಯಾಕೆ ವರ್ಗಾಯಿಸಬೇಕು? ಅಣುಗಳು ಬೆಳಕಿನ ಬಣ್ಣ ಬದಲಿಸೋದನ್ನು 1928ರಲ್ಲಿ ಕಂಡ ರಾಮನ್ ಹೆಸರಿನಲ್ಲಿ ಪ್ರತಿ ಫೆಬ್ರವರಿ 28ಕ್ಕೆ ಭಾಷಣ ಮಾಡುತ್ತೇವೆ. ನಮ್ಮ ಮನೆಯ ಮಗಳು ಅದೇ ದಾರಿ ಹಿಡಿದರೆ ನಗುತ್ತೇವೆ.

ಮುಂದಿನ ಸಲ ಸಿಕ್ಕಾಗ ನಾನು "ಎಷ್ಟು ಸಿಗುತ್ತೆ" ಅಂತ ಕೇಳೋದಿಲ್ಲ. "ಏನು ಕಂಡೆಯಮ್ಮಾ?" ಅಂತ ಕೇಳುತ್ತೇನೆ. ನೀವು?